ಇಬ್ಬರು ಬೇಕಾದ ಕೋಣೆ

ಹಾಸನದಲ್ಲಿ ನನಗೆ ಎಂ.ಎಸ್ಸಿ.ಯಲ್ಲಿ ಪ್ಲಾಸ್ಮಾ ಭೌತಶಾಸ್ತ್ರ ಕಲಿಸಿದ ಮೇಷ್ಟ್ರ ಎಡಗೈ ಸದಾ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು. ಹೈವೋಲ್ಟೇಜ್ ಹತ್ತಿರ ಎರಡೂ ಕೈ ಚಾಚಿದರೆ ಕರೆಂಟು ಎದೆ ಹಾದು ಹೋಗುತ್ತದೆ ಎಂಬ ಪಾಠ ಅವರ ಮೈಗೇ ಹತ್ತಿತ್ತು. ಟೀ ಕುಡಿಯುವಾಗಲೂ ಆ ಕೈ ಹೊರಗೆ ಬರುತ್ತಿರಲಿಲ್ಲ.

ಕೆಪಾಸಿಟರುಗಳಲ್ಲಿ ತುಂಬಿಟ್ಟ ವಿದ್ಯುತ್ತನ್ನೆಲ್ಲ ಕೂದಲೆಳೆಯಂಥ ತಾಮ್ರದ ತಂತಿಗೆ ಒಮ್ಮೆಲೇ ಹರಿಸುವುದು ಅವರ ಪ್ರಯೋಗ. ತಂತಿ ಢಂ ಎಂದು ಪ್ಲಾಸ್ಮಾ ಆಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲವಾಗುತ್ತಿತ್ತು. ಶಾಕ್ ಹೊಡೆದರೆ ಮೇನ್ ಆರಿಸಲು ಇನ್ನೊಬ್ಬರು ಬೇಕು. ಒಬ್ಬರೇ ಇದ್ದಾಗ ಸ್ವಿಚ್ ಹಾಕುವಂತಿಲ್ಲ. ಅದಕ್ಕೇ ಪ್ರತಿ ಸಲ "ಇಬ್ರಿದ್ದೀವಾ?" ಎಂದು ಕೇಳುತ್ತಿದ್ದರು. ಎದುರಿಗೇ ನಿಂತಿದ್ದರೂ ನಾನು "ಇದ್ದೀವಿ ಸಾ" ಅನ್ನಲೇಬೇಕು.

ನನ್ನ ನಂತರ ಆ ವಿಷಯಕ್ಕೆ ಯಾರೂ ಸೇರಲಿಲ್ಲ. ಈಚೆಗೆ ಕೊಣನೂರಿನಿಂದ ಸರ್ಟಿಫಿಕೇಟಿಗೆಂದು ಹೋದವನು ಆ ಪ್ರಯೋಗದ ಕೋಣೆಗೆ ಇಣುಕಿದೆ. ಒಳಗೆ ಮೇಷ್ಟ್ರು ಒಬ್ಬರೇ ಇದ್ದರು. ಸಿಡಿತದ ಚಿತ್ರ ಹಿಡಿಯಲು ಕ್ಯಾಮೆರಾ ಹೂಡಿತ್ತು, ತಂತಿ ಬಿಗಿದಿತ್ತು. ಇನ್ನೊಬ್ಬರಿಗಾಗಿ ಕಾದು ಕಾದು ತಾಮ್ರ ಕಪ್ಪಾಗಿತ್ತು.

"ಬಾರಪ್ಪಾ. ಒಂದತ್ ನಿಮ್ಷ ಇರ್ತೀಯಾ?"

ನಾನು ತಲೆಯಾಡಿಸಿದೆ.

"ಇಬ್ರಿದ್ದೀವಾ?"

"ಇದ್ದೀವಿ ಸಾ."

ತಂತಿ ಸಿಡಿಯಿತು. ಬೆಳಕು ಆರಿದ ಮೇಲೂ ಅವರು ಅಲ್ಲೇ ನೋಡುತ್ತಿದ್ದರು.

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವರೂ ಹೊಸ ತಂತಿ ಬಿಗಿದು, ನನ್ನೊಂದಿಗೇ ಹೊರಬಂದು ಬೀಗ ಹಾಕಿದರು.

"ಈ ಕೀಲೀನ ಕೆಳಗಡೆ ಆಫೀಸಲ್ಲಿ ಕೊಟ್ಬುಟ್ಟು ಓಗು ಕಣಪ್ಪ. ನನ್ನತ್ರ ಇದ್ರೆ ಕೈ ಸುಮ್ನಿರಲ್ಲ, ಒಬ್ನೇ ಸ್ವಿಚ್ ಹಾಕ್ಬುಡ್ತೀನಿ."

ಎಡಗೈಯನ್ನು ಮತ್ತೆ ಜೇಬಿಗಿಳಿಸಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತರು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು.