ದೊರೆ ಊಟ ಬಿಟ್ಟಾಗ

ನಮ್ಮ ಭಾವ ಹಲ್ಲು ಕಟ್ಟುವವರು. ರೋಗಿಯ ಬಾಯಿಗೆ ಕೈ ಹಾಕುವುದು ದಂತವೈದ್ಯರ ಕೆಲಸ. ಅವರು ತೆಗೆದು ಕಳಿಸಿದ ಅಚ್ಚಿನ ಮೇಲೆ ಮೇಣ ಕೂರಿಸಿ, ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಒಸಡು ಮಾಡಿ, ಉಜ್ಜಿ ಹೊಳಪು ಕೊಡುವುದು ಭಾವನ ಕೆಲಸ. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಅಲ್ಲಿಯ ಕಪಾಟಿನ ತುಂಬ ಊರವರ ದವಡೆಗಳ ಬಿಳಿ ಅಚ್ಚುಗಳು ಸಾಲಾಗಿ ಕೂತಿವೆ. ದಾರಿಯಲ್ಲಿ ಯಾರಾದರೂ ನಕ್ಕರೆ ಭಾವ ಮುಖ ನೋಡುವುದಿಲ್ಲ, ಹಲ್ಲು ನೋಡುತ್ತಾರೆ. "ನಮ್ಮದೇ ಮಾಲು" ಎಂದು ಬೀಗುತ್ತಾರೆ.

ಇಂಥವರ ಕೈ ಹಿಡಿದವಳು ನನ್ನ ಅಕ್ಕ. ಅವಳ ಹಲ್ಲು ಹೋದಾಗ ಭಾವ ಸಂಭ್ರಮದಿಂದ ಒಂದು ಸೆಟ್ ಮಾಡಿಕೊಟ್ಟರು. ಮನೆಗೆ ಬಂದವರ ಮುಂದೆಲ್ಲ "ಎಲ್ಲಿ, ಒಂದ್ಸಲ ನಗು" ಎಂದು ಅವಳನ್ನು ನಗಿಸಿ ತೋರಿಸುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಅಂಗಡಿಯ ಗಾಜಿನೊಳಗೆ ಇಟ್ಟ ಗೊಂಬೆಯೇನು ನನ್ನ ಅಕ್ಕ?

ಮಕ್ಕಳಿಲ್ಲದ ಆ ಮನೆಗೆ ಒಂದು ಗಿನಿಪಿಗ್ ಬಂತು. ಪಕ್ಕದವರು ಮನೆ ಬದಲಿಸುವಾಗ ಬಿಟ್ಟುಹೋದದ್ದು. ಕಂದು ಬಿಳುಪಿನ ಉಂಡೆ, ಅತ್ತ ಇಲಿಯೂ ಅಲ್ಲ ಇತ್ತ ಮೊಲವೂ ಅಲ್ಲ. ಅಕ್ಕ ಅದನ್ನು 'ದೊರೆ' ಎಂದು ಕರೆದಳು. ಅಡುಗೆಮನೆಯ ಮೂಲೆಯಲ್ಲಿ ಅವಳ ಕುರ್ಚಿ, ಕುರ್ಚಿಯ ಪಕ್ಕದಲ್ಲೇ ದೊರೆಯ ಗೂಡು. ಅವಳ ಹೆಜ್ಜೆ ಸದ್ದು ಕೇಳಿದರೆ ಸಾಕು, ಸಿಳ್ಳೆ ಹಾಕುತ್ತಿದ್ದ.

ಕೊನೆಯ ವರ್ಷ ಅಕ್ಕ ಊಟ ಕಮ್ಮಿ ಮಾಡಿದಳು. ತಟ್ಟೆಯ ಮುಂದೆ ಆಸೆಯಿಂದಲೇ ಕೂರುವಳು. ತುತ್ತು ಬಾಯಿಯ ತನಕ ಒಯ್ದು, ಹಾಗೇ ಕೆಳಗಿಡುವಳು. ನಾನು ಗದರಿದರೆ, "ಯಾಕೋ ರುಚಿ ಇಲ್ಲ ಕಣೇ. ನನ್ನ ಪಾಲು ದೊರೆ ತಿಂತಾನೆ ಬಿಡು" ಎನ್ನುವಳು. ಬೇಯಿಸಿದ ಗಜ್ಜರಿ, ಸೇಬಿನ ಹೋಳು, ಎಲ್ಲ ಅವನಿಗೆ. ದೊರೆ ಊದಿಕೊಂಡ, ಅಕ್ಕ ಕಡ್ಡಿಯಾದಳು. ಚಳಿಗಾಲದಲ್ಲಿ ಬಂದ ಜ್ವರ ತಡೆಯುವಷ್ಟು ಕಸುವೂ ಮೈಯಲ್ಲಿ ಉಳಿದಿರಲಿಲ್ಲ. ಆಸ್ಪತ್ರೆಯವರು ಅವಳ ಹಲ್ಲುಸೆಟ್ಟನ್ನು ಒಂದು ಡಬ್ಬಿಯಲ್ಲಿ ಹಾಕಿ ಭಾವನ ಕೈಗೆ ಕೊಟ್ಟರು. ಭಾವ ಅದನ್ನು ತೆರೆಯದೆ ಕಪಾಟಿನ ಮೇಲಿಟ್ಟರು.

ಆಮೇಲೆ ಆ ಮನೆಗೆ ಹೋಗಲು ನನಗೇ ಒಂಥರಾ ಆಗುತ್ತಿತ್ತು. ಅಕ್ಕನ ಕುರ್ಚಿಯ ಮೇಲೆ ಅವಳ ಶಾಲು ಹಾಗೇ ಇತ್ತು. ಯಾರೂ ಇಲ್ಲದ ಆ ಕುರ್ಚಿಯ ಕಡೆಗೆ ಮುಖ ಮಾಡಿ ದೊರೆ ಸಿಳ್ಳೆ ಹಾಕುತ್ತಿದ್ದ. ಭಾವ ಕೆಲಸ ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಬಂದಿದಾಳೆ" ಎನ್ನುತ್ತಿದ್ದರು, ತರಕಾರಿಯವನು ಬಂದ ಎನ್ನುವಷ್ಟೇ ಸಲೀಸಾಗಿ. ಭೂತಪ್ರೇತ ನಂಬುವವಳಲ್ಲ ನಾನು. ಆದರೂ ಆ ಕುರ್ಚಿಯಲ್ಲಿ ಕೂರುವ ಧೈರ್ಯ ಮಾಡಲಿಲ್ಲ.

ಅಷ್ಟರಲ್ಲಿ ದೊರೆಯೂ ಊಟ ಬಿಟ್ಟ. ಸೌತೆಕಾಯಿ ಇಟ್ಟರೆ ಓಡಿ ಬರುತ್ತಿದ್ದ. ಮೂಸಿ, ಒಂದು ಹೋಳು ಬಾಯಲ್ಲಿ ಹಿಡಿದು, ಬೀಳಿಸಿ, ಅದನ್ನೇ ನೋಡುತ್ತ ಕೂರುತ್ತಿದ್ದ. ಗದ್ದ ಸದಾ ಒದ್ದೆ. ಎತ್ತಿಕೊಂಡರೆ ಬರೀ ಕೂದಲು ಎತ್ತಿದ ಹಾಗೆ, ಬೆನ್ನಿನ ಎಲುಬೆಲ್ಲ ಬೆರಳಿಗೆ ಸಿಗುತ್ತಿತ್ತು.

"ಡಾಕ್ಟರಿಗೆ ತೋರಿಸೋಣ ಭಾವ" ಎಂದೆ.

"ಬೇಡ. ಅವಳು ಕರೀತಿದಾಳೆ, ಇವನು ಹೊರಟಿದಾನೆ."

"ಹಲ್ಲೇನಾದ್ರೂ ನೋಯ್ತಿದ್ರೆ?"

ಭಾವನಿಗೆ ಮೂಗಿನ ತುದಿಯಲ್ಲೇ ಕೋಪ. "ಹಲ್ಲಿನ ವಿಷಯ ನನಗೆ ಹೇಳಿಕೊಡ್ತೀಯಾ? ತುಟಿ ಎತ್ತಿ ನೋಡಿದೀನಿ. ಮುಂದಿನ ನಾಲ್ಕೂ ಲಕ್ಷಣವಾಗಿವೆ."

ನನಗೆ ಪಿತ್ತ ನೆತ್ತಿಗೇರಿತು. ಒಂದು ಸಾವು ನೋಡಿದ್ದು ಸಾಲದೇ? ದೊರೆಯನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೆ ಅಕ್ಕನ ಶಾಲು ಹೊದಿಸಿ, "ಬಂದ್ರೆ ಬನ್ನಿ, ಇಲ್ದಿದ್ರೆ ಇಲ್ಲೇ ಕುರ್ಚಿ ಕಾಯ್ತಾ ಇರಿ" ಎಂದು ಹೊರಟೆ. ಅಕ್ಕ ಸಾಕಿದ ಜೀವ ಅದೊಂದೇ ಉಳಿದಿತ್ತು. ಭಾವ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು.

ಪ್ರಾಣಿವೈದ್ಯೆ ವಯಸ್ಸಿನಲ್ಲಿ ಸಣ್ಣವಳು. ದೊರೆಯನ್ನು ತೂಗಿ, ಮುಖ ಸಿಂಡರಿಸಿ, ಬಾಯೊಳಗೆ ಸಣ್ಣ ದೀಪದ ಕೊಳವೆ ತೂರಿಸಿದಳು. ಆಮೇಲೆ ಭಾವನನ್ನು ಹತ್ತಿರ ಕರೆದಳು.

"ಇಲ್ಲಿ ನೋಡಿ ಸರ್. ಮುಂದಿನ ಹಲ್ಲು ಚೆನ್ನಾಗಿವೆ. ತೊಂದರೆ ಇರೋದು ಹಿಂದೆ. ದವಡೆ ಹಲ್ಲು ಬೆಳೆದು ನಾಲಿಗೆ ಮೇಲೆ ಬಾಗಿವೆ. ನಾಲಿಗೆ ಅಡಿಯಲ್ಲಿ ಸಿಕ್ಕಿಹಾಕೊಂಡಿದೆ. ಹುಲ್ಲು ಕಮ್ಮಿ, ಮೆತ್ತಗಿರೋದು ಜಾಸ್ತಿ ತಿಂದಿರ್ಬೇಕು. ಇವುಗಳ ಹಲ್ಲು ಬೆಳೀತಾನೇ ಇರುತ್ತೆ, ಹುಲ್ಲು ಅಗಿದ್ರೇನೇ ಸವೆಯೋದು."

"ಇವನಿಗೆ ತಿನ್ನೋ ಮನಸ್ಸೇ ಇಲ್ಲ" ಎಂದರು ಭಾವ.

"ಮನಸ್ಸಿಲ್ದೆ ಏನು? ಊಟ ಕಂಡ್ರೆ ಓಡಿ ಬರ್ತಾನೆ ಅಂದ್ರಲ್ಲ. ಹಸಿವಿದೆ ಸರ್. ಆಗಿಂದ್ಲೂ ಹಸಿವಿತ್ತು. ನೋವಿಗೆ ತಿನ್ನಕ್ಕಾಗ್ಲಿಲ್ಲ, ಅಷ್ಟೇ."

"ಹಸಿವಿತ್ತಾ?" ಎಂದು ಕೇಳಿದರು ಭಾವ. ಅವರು ನೋಡುತ್ತಿದ್ದದ್ದು ದೊರೆಯನ್ನಲ್ಲ, ಬುಟ್ಟಿಯಲ್ಲಿದ್ದ ಶಾಲನ್ನು. ಅವರು ಯಾರ ಹಸಿವು ಕೇಳುತ್ತಿದ್ದಾರೆಂದು ನನಗೆ ಗೊತ್ತಾಯಿತು. ಪಾಪ, ಆ ಹುಡುಗಿ "ಹೂಂ ಸರ್, ತುಂಬಾ" ಎಂದುಬಿಟ್ಟಳು.

ಅವಳು ಮತ್ತಿನ ಮದ್ದು ಕೊಟ್ಟು ದೊರೆಯ ದವಡೆ ಹಲ್ಲು ಸವೆಸಿದಳು. ನೆನೆಸಿದ ಹುಲ್ಲಿನ ಪುಡಿಯನ್ನು ಸಿರಿಂಜಿನಲ್ಲಿ ಕುಡಿಸಲು ಹೇಳಿಕೊಟ್ಟಳು. ಬದುಕುವುದು ಗ್ಯಾರಂಟಿ ಇಲ್ಲ ಎಂದೂ ಹೇಳಿದಳು. ಭಾವ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಾಯಂಚಿನಿಂದ ಒಂದೊಂದೇ ಗುಟುಕು ಕುಡಿಸಿ, ಪ್ರತಿ ಗುಟುಕಿಗೂ "ನೋಯ್ತಾ? ನೋಯ್ತಿದ್ರೆ ಹೇಳಪ್ಪಾ" ಎಂದು ಕೇಳುತ್ತಿದ್ದರು. ಕೇಳಿ ಕೇಳಿ ನನಗೆ ಅಲ್ಲಿ ನಿಲ್ಲಲಾಗದೆ ಮನೆಗೆ ಬಂದುಬಿಡುತ್ತಿದ್ದೆ.

ದೊರೆ ಬದುಕಿದ. ನಾನು ಹೋದ ಒಂದು ಮಧ್ಯಾಹ್ನ ಅಡುಗೆಮನೆಯ ಮೂಲೆಯಿಂದ ಕರಕರ ಸದ್ದು ಬರುತ್ತಿತ್ತು. ಅಕ್ಕನ ಕುರ್ಚಿಯಲ್ಲೇ ಯಾರೋ ಕೂತು ನೆಮ್ಮದಿಯಾಗಿ ಅಗಿಯುತ್ತಿರುವ ಹಾಗಿತ್ತು. ನೋಡಿದರೆ ಬಾಯ್ತುಂಬ ಹುಲ್ಲು ತುಂಬಿಕೊಂಡ ದೊರೆ. ಕುರ್ಚಿಯ ಮುಂದಿನ ಮೇಜಿನ ಮೇಲೆ ಒಂದು ಗಾಜಿನ ಲೋಟ. ಅದರೊಳಗೆ ನೀರಿನಲ್ಲಿ ಹೊಸ ಹಲ್ಲುಸೆಟ್.

ಭಾವ ಮುಂದಿನ ಕೋಣೆಯಿಂದ ಆ ಆಸ್ಪತ್ರೆಯ ಡಬ್ಬಿ ತಂದು ಬಿಚ್ಚಿದರು. ಅಕ್ಕನ ಹಳೆಯ ಸೆಟ್ಟನ್ನು ತಿರುಗಿಸಿ, ಒಸಡಿಗೆ ಕೂರುವ ಅಂಚನ್ನು ನನ್ನ ಬೆರಳಿಗೆ ಮುಟ್ಟಿಸಿದರು. ಅಲ್ಲಲ್ಲಿ ತರಿತರಿ.

"ಉಗುರು ಉಜ್ಜೋ ಅರದಲ್ಲಿ ಉಜ್ಜಿದಾಳೆ. ಇದು ನನ್ನ ಕೈ ಅಲ್ಲ. ನಾನು ಇಷ್ಟು ಒರಟಾಗಿ ಬಿಡಲ್ಲ" ಎಂದರು. "ಸೊರಗಿದ ಹಾಗೆ ಒಸಡೂ ಕರಗಿತ್ತು. ಸೆಟ್ ಒತ್ತುತ್ತಿತ್ತು. ಯಾಕೆ ಹೇಳ್ಲಿಲ್ಲ ಇವಳು?"

"ಯಾವಾಗ ಹೇಳ್ಬೇಕಿತ್ತು ಭಾವ? ಬಂದವರ ಮುಂದೆಲ್ಲ ನಗಿಸ್ತಾ ಇದ್ರಲ್ಲ."

ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ. ಭಾವ ಲೋಟವನ್ನು ಕುರ್ಚಿಯ ಹತ್ತಿರಕ್ಕೆ ಸರಿಸಿದರು.

"ಎಲ್ಲೆಲ್ಲಿ ಉಜ್ಜಿದ್ಲೋ ಅಲ್ಲೆಲ್ಲ ಸಡಿಲ ಬಿಟ್ಟಿದೀನಿ. ಇನ್ನು ನೋಯಲ್ಲ."

ಅವರು ಅದನ್ನು ನನಗೆ ಹೇಳಲಿಲ್ಲ. ದೊರೆ ಹುಲ್ಲು ಬಿಟ್ಟು, ತಲೆ ಎತ್ತಿ, ಕುರ್ಚಿಯ ಕಡೆ ನೋಡಿ ಒಂದು ಸಿಳ್ಳೆ ಹಾಕಿದ.

ಈಗ ಭಾವ ತಯಾರಾದ ಸೆಟ್ಟುಗಳನ್ನು ದಂತವೈದ್ಯರಿಗೆ ಕೊಡಲು ಹೋದಾಗ ಮನೆಯ ಬೀಗದ ಕೈ ನನ್ನ ಹತ್ತಿರ ಇರುತ್ತದೆ. "ದೊರೆಗೆ ಹುಲ್ಲು ಹಾಕು, ಹಾಗೇ ಲೋಟದ ನೀರು ಬದಲಿಸು" ಎಂದು ಹೇಳಿ ಹೋಗುತ್ತಾರೆ. ನಿಮಗೆ ತಲೆ ಕೆಟ್ಟಿದೆ ಭಾವ ಎಂದು ಒಂದು ದಿನ ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದುಕೊಂಡಿದ್ದೆ. ಹೇಳಿಲ್ಲ. ಹುಲ್ಲು ಹಾಕುತ್ತೇನೆ, ಹಳೆಯ ನೀರು ಚೆಲ್ಲುತ್ತೇನೆ, ಲೋಟ ತೊಳೆದು ಹೊಸ ನೀರು ತುಂಬಿ ಅಕ್ಕನ ಕೈಗೆಟುಕುವ ಹಾಗೆ ಇಟ್ಟು ಬರುತ್ತೇನೆ.