ಸೋದರಮಾವನ ದನ ದೊಡ್ಡಿಗೆ

ಆಫ್ರಿಕಾದ ಲೆಸೋತೊ ದೇಶದ ಮಾಲೋತಿ ಬೆಟ್ಟದ ಜೌಗಿಗೆ ಸಿಯಬಾಟ ದಿನಗೂಲಿ ಕಾವಲುಗಾರ. ಕೈಯಲ್ಲಿ ದೊಣ್ಣೆ, ಹೆಗಲ ಮೇಲೆ ಕಂಬಳಿ, ಅಧಿಕಾರವೆಲ್ಲ ಕಪ್ಪೆಗಳ ಮೇಲೆ: ತನ್ನ ಹುದ್ದೆಯನ್ನು ಅವನೇ ಹೀಗೆ ಬಣ್ಣಿಸುತ್ತಿದ್ದ.

ವರ್ಷಗಟ್ಟಲೆ ದನ ತುಳಿದು ಜೌಗು ಬಿರುಕು ಬಿಟ್ಟಿತ್ತು. ನೀರು ಕೊರಕಲು ಹಿಡಿದು ಇಳಿದುಹೋಗಿ, ಒಣ ಇಳಿಜಾರಿನ ಬೂದುಬಣ್ಣದ ಪೊದೆ ಸೆಹಲಹಲ ನಡುಜೌಗಿಗೇ ಬಂದು ಕೂತಿತ್ತು. ಜೌಗನ್ನು ಮತ್ತೆ ಸರಿಪಡಿಸುವ ಕೆಲಸ ಶುರುವಾದ ಮೊದಲ ವರ್ಷ ಕೂಲಿಗಳ ಗುಂಪು ಹುರುಪಿನಿಂದ ಪೊದೆ ಕಿತ್ತು ದಡಕ್ಕೆಸೆಯಿತು. ಬೋಳಾದ ಮಣ್ಣನ್ನು ಮಳೆ ಹೊತ್ತೊಯ್ದಿತು. ಎಲ್ಲರಿಗಿಂತ ಚುರುಕಾಗಿ ಕಿತ್ತವನು ತಾನೇ ಎಂದು ಸಿಯಬಾಟ ಈಗಲೂ ಹೇಳಿಕೊಳ್ಳುತ್ತಾನೆ. ಮರುವರ್ಷ ಕಿತ್ತ ಪೊದೆಗಳನ್ನೇ ಕೊರಕಲಿಗೆ ಅಡ್ಡ ತುರುಕಿ ಕಲ್ಲು ಹೇರಿದರು. ಹೂಳು ನಿಂತಿತು, ನೀರು ನಿಂತಿತು, ಜೊಂಡು ಚಿಗುರಿತು. ಊರ ಮುಖಂಡರು ಅಲ್ಲಿ ದನ ಮೇಯಿಸಕೂಡದೆಂದು ಕಟ್ಟು ಹಾಕಿದರು. ಯಾರ ದನ ಸಿಕ್ಕರೂ ದೊಡ್ಡಿಗೆ, ದಂಡ ಕಟ್ಟಿದರೆ ಬಿಡುಗಡೆ.

ಮೊದಲು ಸಿಕ್ಕಿದ್ದು ಸೋದರಮಾವ ಮೊಖೆಲೆಯ ಕೆಂಪು ಹಸು ಮತ್ತು ಎರಡು ಕಡಸು. ಸಿಯಬಾಟನ ಮದುವೆಗೆ ಹೆಣ್ಣಿನ ಮನೆಗೆ ತೆರದ ದನ ಕೊಡಬೇಕಾದವನು ಇದೇ ಮಾವ. "ಮುಂದಿನ ಚಳಿಗಾಲಕ್ಕೆ" ಎನ್ನುತ್ತಲೇ ಎಷ್ಟೋ ಚಳಿಗಾಲ ದಾಟಿಸಿದ್ದ.

"ಇವನ್ನ ದೊಡ್ಡಿಗೆ ಅಟ್ಕೊಂಡು ಹೋದ್ರೆ ನಮ್ ಮದ್ವೆ ಮುಗೀತು," ಎಂದ ಸಿಯಬಾಟ.

ಅವನು ಮದುವೆಯಾಗಬೇಕಿದ್ದ ಪುಲೆಂಗ್ ಪಕ್ಕದಲ್ಲೇ ಪೊದೆ ಕೀಳುತ್ತಿದ್ದಳು. "ಬಿಟ್ರೆ ನಾಳೆ ಊರಿನ ದನವೆಲ್ಲ ಇಲ್ಲೇ. ನನ್ ಸೊಂಟ ಏನು ಬಿಟ್ಟಿ ಬಂದಿದ್ಯಾ? ನಡಿ!"

ಅವನು ಅಟ್ಟಿದ.

ಮುಖಂಡರ ಸಭೆಗೆ ಮೊಖೆಲೆ ಕೂಗಾಡುತ್ತಲೇ ಬಂದ. "ಪೊದೆ ಕಿತ್ತು ಊಟ ಬಡಿಸಿಟ್ಟೋನು ನೀನು! ಉಣ್ಣೋಕೆ ಬಂದ ನೆಂಟರನ್ನ ಕಟ್ಟಿಹಾಕ್ತೀಯೇನೋ?"

"ನೆಂಟರು ಕರೆಯದೆ ಬಂದ್ರು, ಮಾವ."

"ನೋಡಿ ಮೊರೆನಾ," ಎಂದು ಗೌರವದಿಂದ ಕರೆದು ಮೊಖೆಲೆ ಮುಖಂಡರತ್ತ ತಿರುಗಿದ. "ಈ ಮೂರನ್ನೂ ಇವನ ತೆರಕ್ಕೇ ಅಂತ ಎತ್ತಿಟ್ಟಿದ್ದೆ! ಕೃತಜ್ಞತೆ ಇಲ್ಲದ ಬಡ್ಡೀಮಗ!"

ಮುಖಂಡರ ಮುಂದೆ, ಎಲ್ಲರೆದುರು ಆಡಿದ ಮಾತನ್ನು ಆ ಊರಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಅದು ಮೊಖೆಲೆಗೆ ಹೊಳೆದಾಗ ತಡವಾಗಿತ್ತು.

"ತೆರಕ್ಕೆ ಅಂದ್ಯಾ? ಎಲ್ಲರೂ ಕೇಳಿಸಿಕೊಂಡ್ರಲ್ಲ," ಎಂದರು ಮುಖಂಡರು.

"ಯಾವಾಗ ಅಂತ ಹೇಳ್ಲಿಲ್ಲ, ಮೊರೆನಾ..."

"ಅದನ್ನ ನಾನು ಹೇಳ್ತೀನಿ. ದಂಡ ಕಟ್ಟು. ದನ ದೊಡ್ಡಿಯಿಂದ ನೆಟ್ಟಗೆ ಪುಲೆಂಗ್ ಮನೆಗೆ."

ಮರುದಿನ ಸಿಯಬಾಟ ಅವನ್ನು ಜೌಗಿನ ಅಂಚಿನ ದಾರಿಯಲ್ಲಿ ಹೊಡೆದುಕೊಂಡು ಹೊರಟ. ಕೆಂಪು ಹಸು ಜೊಂಡಿನತ್ತ ಕತ್ತು ಚಾಚಿತು. ಅವನು ದೊಣ್ಣೆ ಹಿಡಿದು ಅಡ್ಡ ನಿಂತ.

"ಮಾವನ ದನ ಆಗಿದ್ದಾಗಲೇ ಬಿಡ್ಲಿಲ್ಲ. ಈಗ ಹೆಣ್ಣು ಕೊಡೋರ ದನ ಅಂತ ಬಿಡ್ತೀನಾ? ನಡಿಯೇ!"