ನವಿಲಿನ ಗರಿಯಲ್ಲಿ ಅಲಸಂದೆ

2024ರ ಮುಂಗಾರಿನಲ್ಲಿ ನಾನು ಶಿವಮೊಗ್ಗದ ವಿದ್ಯಾನಗರದಲ್ಲಿ ಉದ್ಯಾನ ವಿನ್ಯಾಸದ ಕಚೇರಿ ನಡೆಸುತ್ತಿದ್ದೆ. ಕಚೇರಿ ಎಂದರೆ ಒಂದು ಕೋಣೆ, ಒಂದು ಕಂಪ್ಯೂಟರ್, ಮತ್ತು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ದಿನವೂ ಮನೆಗೆ ಫೋನ್ ಮಾಡುವ ನಾನು. ಬಡಾವಣೆಗಳಿಗೆ ಪಾರ್ಕು, ಛತ್ರಗಳಿಗೆ ಹುಲ್ಲುಹಾಸು ಮಾಡಿಕೊಡುವುದು ಕೆಲಸ. ಒಂದು ದಿನ ಭದ್ರಾವತಿಯ ಹತ್ತಿರದ ಹಳ್ಳಿಯೊಂದರಿಂದ ಶಶಿಕಲಾ ಬಂದು, "ಸಾರ್, ನಮ್ಮ ಎರಡೆಕರೆ ಮೆಕ್ಕೆಜೋಳದಲ್ಲಿ ಜನ ದಾರಿ ತಪ್ಪಬೇಕು" ಎಂದರು.

ಅವರು ಕೇಳಿದ್ದು ಕಾರ್ನ್ ಮೇಜ್. ಆಳೆತ್ತರದ ಜೋಳದ ನಡುವೆ ಕವಲು ಕವಲಾಗಿ ದಾರಿ ಬಿಡುವುದು, ಒಳಹೊಕ್ಕವರು ಹೊರಬರಲು ಹುಡುಕಾಡುವುದು. ಮೇಲಿನಿಂದ ನೋಡಿದರೆ ಆ ದಾರಿಗಳೇ ಸೇರಿ ಒಂದು ಚಿತ್ರ. ಹೊರದೇಶದ ರೈತರು ಇದನ್ನು ಶುರು ಮಾಡಿ ವರ್ಷಗಳಾಗಿವೆ. ಡ್ರೋನ್ ಬಂದ ಮೇಲಂತೂ ಹೊಲಗಳೇ ಕ್ಯಾನ್ವಾಸ್ ಆದವು. ಟಿಕೆಟ್ ಕೊಂಡು ಕಳೆದುಹೋಗಲು ಜನ ಸಾಲುಗಟ್ಟಿದರು. ಟಿಕೆಟ್ ಇಲ್ಲದೆಯೇ ಕಳೆದುಹೋಗುವ ನನಗೆ ಆಸೆಯಾಯಿತು, ಬೆನ್ನಿಗೇ ಭಯ. ಯಾರಾದರೂ ಹೊರಗೆ ಬರದೇ ಹೋದರೆ? ಹಾವು? ಯಾರೋ ಎಸೆದ ಬೀಡಿ?

ಶಶಿಕಲಾರ ಭಯ ಬೇರೆ. ಮದುವೆಯಾಗಿ ಬಂದಾಗಿನಿಂದ ಹೊಲದ ವಿಷಯದಲ್ಲಿ ಅವರ ಮಾತು ನಡೆದದ್ದು ಇದೇ ಮೊದಲು. ಮನೆಯ ಯಜಮಾನರಾದ ಭಾವ ಶಿವಣ್ಣ ನನ್ನೆದುರೇ ಹೇಳಿದ್ದರು: "ನೋಡಮ್ಮಾ, ನಿನ್ನ ಆಟಕ್ಕೆ ಇದೊಂದು ಬೆಳೆ. ಚೌತಿಯೊಳಗೆ ಜನ ಬಂದ್ರೆ ಸರಿ. ಇಲ್ಲಾಂದ್ರೆ ಹಸಿಯಾಗೇ ಕೊಯ್ದು ದನಕ್ಕೆ ಹಾಕ್ತೀನಿ. ಆಮೇಲೆ ಹೊಲದ ಮಾತು ಎತ್ತಬಾರ್ದು."

ನಾನು ಬರೆದದ್ದು ನವಿಲು. ಒಂದೊಂದು ಗರಿಯೂ ಒಂದು ಓಣಿ; ಗರಿಯ ಕಣ್ಣಿನ ಜಾಗದಲ್ಲಿ ಗುಂಡನೆಯ ಖಾಲಿ ನೆಲ, ಅಲ್ಲಿಂದ ಮುಂದೆ ದಾರಿಯಿಲ್ಲ. ಪೈರು ಮೊಣಕಾಲುದ್ದ ಬಂದಾಗ ಜಿಪಿಎಸ್ ಹಿಡಿದು ಬಾವುಟ ನೆಟ್ಟು, ದಾರಿಯಲ್ಲಿದ್ದ ಪೈರನ್ನೆಲ್ಲ ಕಿತ್ತೆವು. ಶಶಿಕಲಾರ ಅತ್ತೆ ಗಂಗಮ್ಮ ಬದುವಿನ ಮೇಲೆ ಕೂತು ಮಾತಿಲ್ಲದೆ ನೋಡುತ್ತಿದ್ದರು. ಜಗತ್ತಿನ ಎಲ್ಲದಕ್ಕೂ ಹೆದರುವ ನಾನು ಆ ಮೌನಕ್ಕೆ ಮಾತ್ರ ಹೆದರಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಬಿಟ್ಟ ಮೇಲೆ ಹೋಗಿ ನೋಡಿದರೆ ನನ್ನ ದಾರಿಗಳ ತುಂಬ ಹಸಿರು ಮೊಳಕೆ.

"ಇದೆಂಥ ಕಳೆ?" ಎಂದು ಕೂಗಿದೆ.

"ಕಳೆ ಅಂತೀರಲ್ಲ ಮಾರಾಯ್ರೆ! ಅಲಸಂದೆ ಅದು," ಎಂದರು ಗಂಗಮ್ಮ. "ರೋಗದ ಪೈರು ಕಿತ್ರಿ ಅಂದ್ಕೊಂಡೆ. ಕಿತ್ತ ಜಾಗ ಹಂಗೇ ಬಿಡ್ತಾರಾ? ನಾನೇ ಬಿತ್ತಿದೆ."

"ದಾರಿ ಅಂತ ಹೇಳಿದ್ದೆನಲ್ಲ ಅತ್ತೆ," ಎಂದರು ಶಶಿಕಲಾ.

"ದಾರಿ ಹಿಂಗಿರುತ್ತೇನೇ? ಎತ್ತು ಉಚ್ಚೆ ಹೊಯ್ದಂಗೆ!"

ನನಗೆ ನಗು ಬರಲಿಲ್ಲ. ಬಳ್ಳಿ ಹಬ್ಬಿದರೆ ಜನ ಎಡವುತ್ತಾರೆ; ಕೀಳೋಣವೆಂದರೆ, ಚಿಗುರಿದ ಸಸಿಗೆ ಯಾರೂ ಕೈ ಹಚ್ಚಕೂಡದು ಎಂದು ಗಂಗಮ್ಮ ಹಟ ಹಿಡಿದರು. ಬದುವಿನ ಮೇಲೆ ಅತ್ತೆಯ ಪಕ್ಕ ಕೂತ ಶಶಿಕಲಾ ಕೊನೆಗೆ ಹೇಳಿದರು: "ಓಣಿಯಲ್ಲಿರೋದು ಕೀಳೋಣ. ತುದಿಯಲ್ಲಿ ಗುಂಡಗಿದೆಯಲ್ಲ, ಆ ಜಾಗ ಎಲ್ಲ ನಿಮ್ಮದು."

ಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. "ನಾನೇ ಕೀಳ್ತೀನಿ. ನೀವು ಬಾಕಿದ್ದೂ ತುಳೀತೀರಿ."

ನಕ್ಷೆ ಕೆಟ್ಟಿತು ಎಂದುಕೊಂಡೇ ಮನೆಗೆ ಬಂದೆ.

ಹಬ್ಬಕ್ಕೆ ಮೊದಲಿನ ಭಾನುವಾರ ಜನ ಬಂದರು. ನಾನು ಅಟ್ಟಣಿಗೆ ಏರಿ, ಕೊರಳಿಗೆ ಸೀಟಿ ಕಟ್ಟಿಕೊಂಡು, ಯಾರು ಕಿರುಚಿದರೂ ಊದುತ್ತಿದ್ದೆ. ಜೋಳದೊಳಗಿಂದ ಕೇಳುತ್ತಿತ್ತು: "ಅಲಸಂದೆ ಬಂತು, ಇಲ್ಲಿ ದಾರಿಯಿಲ್ಲ. ವಾಪಸ್ ತಿರುಗೋ ಮಾರಾಯ!" ನಾನು ಯೋಚಿಸಿರದ ಗುರುತು ಅದು. ನನ್ನ ಸೀಟಿಗೆ ಕೆಲಸ ಕಡಿಮೆಯಾಯಿತು. ಊದುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಡ್ರೋನ್ ಹಾರಿಸಲು ಬಂದಿದ್ದ ಮದುವೆ ಫೋಟೋಗ್ರಾಫರ್ ಚಿತ್ರ ತೋರಿಸಿದ. ತಿಳಿಹಸಿರು ಜೋಳದ ನಡುವೆ ಕೆಮ್ಮಣ್ಣಿನ ಗರಿಗಳು. ತುದಿತುದಿಗೆ ಅಲಸಂದೆಯ ಕಡುಹಸಿರು ಕಣ್ಣುಗಳು. ನನ್ನ ನಕ್ಷೆಯಲ್ಲಿ ಆ ನವಿಲಿಗೆ ಅಷ್ಟು ಚಂದದ ಕಣ್ಣಿರಲಿಲ್ಲ.

ಗಂಗಮ್ಮ ಫೋನು ಕಸಿದುಕೊಂಡರು. "ನವಿಲು ಇರಲಿ, ನನ್ನ ಅಲಸಂದೆ ಎಲ್ಲಿ?" ಸೊಸೆ ಒಂದೊಂದಾಗಿ ಬೆರಳಿಟ್ಟು ತೋರಿಸಿದರು.

ಶಿವಣ್ಣ ಆ ಚಿತ್ರವನ್ನೊಮ್ಮೆ, ಹೊಲವನ್ನೊಮ್ಮೆ ನೋಡಿದರು. ಆಮೇಲೆ ಶಶಿಕಲಾರ ಕಡೆ ತಿರುಗಿ, "ಮುಂದಿನ ಬೆಳೆಗೆ ಏನು ಬಿತ್ತೋಣಮ್ಮಾ?" ಎಂದು ಕೇಳಿದರು.

ಈಗ ನಾನು ಯಾವ ಕೆಲಸಕ್ಕೆ ಹೋದರೂ ಬಾವುಟ ನೆಡುವ ಮೊದಲು, ಆ ನೆಲವನ್ನು ದಿನವೂ ನೋಡುವವರ ಪಕ್ಕ ಕೂರುತ್ತೇನೆ. ಯಾವ ಜಾಗ ಖಾಲಿ ಇರುತ್ತದೆ, ಯಾಕೆ ಎಂದು ವಿವರಿಸಿ, ನೋಡಿಕೊಂಡು ಸುಮ್ಮನಿರಲು ಆಗುತ್ತದೆಯೇ ಎಂದು ಕೇಳುತ್ತೇನೆ. ಆಗುತ್ತದೆ ಎನ್ನುತ್ತಾರೆ. ಆದರೂ ವಾರಕ್ಕೊಮ್ಮೆ ಹೋಗಿ, ಮೊಳಕೆ ಬಂದಿದೆಯೇ ಎಂದು ಬಗ್ಗಿ ನೋಡಿ ಬರುತ್ತೇನೆ.